ಮಂಕಾದ ಚಿತ್ರಗಳನ್ನು ಆವಿಯಿಂದ ಬೆಳಗಿಸಿದ ವಿಜ್ಞಾನಿ: ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಅನೇಕ ವಿದ್ಯಾರ್ಥಿಗಳಿಗೆ ಮಣಿಪಾಲದಲ್ಲಿ ವೈದ್ಯಕೀಯ ಓದಬೇಕೆಂಬ ಕನಸಿದೆ. ವೈದ್ಯಕೀಯ ಕಲಿಯುವವರು ಸಾರ್ವಜನಿಕ ಆರೋಗ್ಯದ ಇತಿಹಾಸ ಓದುವಾಗ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು ಒಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಕಾಲರಾ ರೋಗಾಣುಗಳಿದ್ದ ದ್ರವವನ್ನು ಎಲ್ಲರ ಮುಂದೆ ಕುಡಿದ ಮುದುಕ ಎಂದೇ ಹೆಚ್ಚಿನವರು ಅವರನ್ನು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅವರು ಮೂಲತಃ ರಸಾಯನ ವಿಜ್ಞಾನಿ. ತೆಳುವಾದ ಪದರವೊಂದಕ್ಕೆ ದ್ರಾವಕದ ಆವಿ ತಾಗಿದಾಗ ಆ ಪದರದ ಒಳರಚನೆ ಬದಲಾಗುತ್ತದೆ ಎಂಬುದನ್ನು ಸುಮಾರು 160 ವರ್ಷಗಳ ಹಿಂದೆಯೇ ಕೆಲಸಕ್ಕೆ ಹಚ್ಚಿದವರು ಅವರು. ಇಂದು ಪಾಲಿಮರ್ ಪದರಗಳನ್ನು ತಯಾರಿಸುವ ಪ್ರಯೋಗಾಲಯಗಳಲ್ಲಿ ಅದೇ ತತ್ವ ಬಳಕೆಯಲ್ಲಿದೆ. ಅವರ ಗೆಲುವಿನಲ್ಲಿಯೂ ಸೋಲಿನಲ್ಲಿಯೂ ನಮ್ಮಂಥ ವಿದ್ಯಾರ್ಥಿಗಳಿಗೆ ಕಲಿಯಲು ಬಹಳಷ್ಟಿದೆ.

ಔಷಧದಂಗಡಿಯಿಂದ ರಂಗಮಂಚಕ್ಕೆ

ಪೆಟೆನ್‌ಕೋಫರ್ ಹುಟ್ಟಿದ್ದು 1818ರ ಡಿಸೆಂಬರ್ 3ರಂದು, ಬವೇರಿಯಾ ರಾಜ್ಯದ ಲಿಖ್ಟನ್‌ಹೈಮ್ ಎಂಬ ಪುಟ್ಟ ಊರಿನಲ್ಲಿ. ಡ್ಯಾನ್ಯೂಬ್ ನದಿಯ ಬದಿಯ ಜೌಗು ನೆಲದಲ್ಲಿ ಬೇಸಾಯ ಮಾಡುತ್ತಿದ್ದ ಕುಟುಂಬ. ಮನೆ ತುಂಬ ಮಕ್ಕಳು, ಕೈಯಲ್ಲಿ ಹಣ ಕಡಿಮೆ. ಮ್ಯೂನಿಕ್ ನಗರದಲ್ಲಿ ಅರಮನೆಯ ಔಷಧಶಾಲೆ ನಡೆಸುತ್ತಿದ್ದ ಚಿಕ್ಕಪ್ಪ ಫ್ರಾನ್ಜ್ ಕ್ಸಾವರ್ ಹುಡುಗನನ್ನು ತನ್ನ ಬಳಿ ಕರೆಸಿಕೊಂಡು ಓದಿಸಿದರು. ಮುಂದೆ ಇವನೇ ತನ್ನ ಜಾಗ ತುಂಬಬೇಕೆಂಬುದು ಅವರ ಆಸೆ.

ಓದಿನಲ್ಲಿ ಚುರುಕಾಗಿದ್ದ ಹುಡುಗ ಔಷಧಶಾಲೆಯಲ್ಲಿ ಕೆಲಸ ಕಲಿಯತೊಡಗಿದ. ಆದರೆ ಚಿಕ್ಕಪ್ಪನ ಬಿಗಿ ಅವನಿಗೆ ಸರಿಬರಲಿಲ್ಲ. ಒಂದು ದಿನ ಎಲ್ಲವನ್ನೂ ಬಿಟ್ಟು ನಾಟಕ ಕಂಪೆನಿ ಸೇರಿ ಔಗ್ಸ್‌ಬರ್ಗ್‌ನಲ್ಲಿ ವೇಷ ಹಾಕತೊಡಗಿದ. ನಟನಾಗಿ ಹೇಳಿಕೊಳ್ಳುವಂಥ ಹೆಸರೇನೂ ಬರಲಿಲ್ಲ. ಮನೆಯವರಿಗೆ ಬೇಸರವಾಯಿತು. ಬಂಧುಗಳ ಮನೆಯ ಹುಡುಗಿ ಹೆಲೆನ್‌ಳ ಮೇಲಿನ ಪ್ರೀತಿಯೇ ಕೊನೆಗೆ ಅವನನ್ನು ಓದಿಗೆ ಮರಳಿಸಿತು. ನಾಟಕ ಬಿಟ್ಟು ಮತ್ತೆ ಪುಸ್ತಕ ಹಿಡಿದರಷ್ಟೇ ಮದುವೆಗೆ ಒಪ್ಪಿಗೆ ಎಂಬ ಮಾತಾಗಿತ್ತು. ಹುಡುಗ ಮ್ಯೂನಿಕ್‌ಗೆ ಹಿಂತಿರುಗಿದ. 1843ರಲ್ಲಿ ಔಷಧಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡರಲ್ಲೂ ಅರ್ಹತೆ ಪಡೆದ. ಎರಡು ವರ್ಷಗಳ ಬಳಿಕ ಹೆಲೆನ್ ಜೊತೆ ಮದುವೆಯೂ ಆಯಿತು.

ಕೈಗೆ ಸಿಕ್ಕ ಕೆಲಸವನ್ನೆಲ್ಲ ವಿಜ್ಞಾನ ಮಾಡಿದವರು

ವೈದ್ಯನಾಗಿ ರೋಗಿಗಳನ್ನು ನೋಡುವುದಕ್ಕಿಂತ ಪ್ರಯೋಗಾಲಯದ ಕೆಲಸವೇ ಪೆಟೆನ್‌ಕೋಫರ್ ಅವರಿಗೆ ಹೆಚ್ಚು ಹಿಡಿಸಿತು. ವ್ಯೂರ್ಟ್ಸ್‌ಬರ್ಗ್‌ನಲ್ಲಿದ್ದಾಗ ಪಿತ್ತರಸದ ಆಮ್ಲಗಳನ್ನು ಗುರುತಿಸುವ ಪರೀಕ್ಷೆಯನ್ನು ಕಂಡುಹಿಡಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಗೀಸನ್‌ನಲ್ಲಿ ಆ ಕಾಲದ ಹೆಸರಾಂತ ರಸಾಯನ ವಿಜ್ಞಾನಿ ಯುಸ್ಟಸ್ ಲೀಬಿಗ್ ಅವರ ಬಳಿ ಕಲಿತರು. ಊರಿಗೆ ಮರಳಿದಾಗ ಅವರಿಗೆ ತಕ್ಕ ಹುದ್ದೆ ಇರಲಿಲ್ಲ. ಸಿಕ್ಕಿದ್ದು ಟಂಕಸಾಲೆಯಲ್ಲಿ, ಅಂದರೆ ನಾಣ್ಯ ತಯಾರಿಸುವಲ್ಲಿ, ಒಂದು ಕೆಲಸ. ಬೇಸರಪಡದೆ ಸೇರಿದರು. ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಸ್ವಲ್ಪ ಚಿನ್ನವೂ ಪ್ಲಾಟಿನಮ್ಮೂ ಬೆರೆತಿರುವುದನ್ನು ಕಂಡು, ಅವುಗಳನ್ನು ಬೇರ್ಪಡಿಸುವ ಉತ್ತಮ ವಿಧಾನ ರೂಪಿಸಿದರು.

1847ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1850ರಲ್ಲಿ ಚಿಕ್ಕಪ್ಪ ತೀರಿಕೊಂಡ ಮೇಲೆ ಅರಮನೆಯ ಔಷಧಶಾಲೆಯ ಹೊಣೆಯೂ ಅವರ ಹೆಗಲಿಗೆ ಬಂತು. ಅದೇ ವರ್ಷ, ಒಂದೇ ಬಗೆಯ ಗುಣಗಳಿರುವ ಧಾತುಗಳ ತೂಕಗಳಲ್ಲಿ ಒಂದು ಕ್ರಮ ಕಾಣುತ್ತದೆ ಎಂದು ತೋರಿಸುವ ಲೇಖನ ಪ್ರಕಟಿಸಿದರು. ನಾವು ರಸಾಯನಶಾಸ್ತ್ರದ ತರಗತಿಯಲ್ಲಿ ಓದುವ ಮೆಂಡಲೀಫ್ ಅವರ ಆವರ್ತ ಕೋಷ್ಟಕ ಬಂದಿದ್ದು 1869ರಲ್ಲಿ. ಆ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟವರಲ್ಲಿ ಪೆಟೆನ್‌ಕೋಫರ್ ಒಬ್ಬರು.

ಕಟ್ಟಿಗೆಯಿಂದ ದೀಪದ ಅನಿಲ ತೆಗೆಯುವುದು, ಸಿಮೆಂಟ್, ಪ್ರಾಚೀನ ಕೆಂಪು ಗಾಜಿನ ಗುಟ್ಟು, ಹೀಗೆ ಯಾರು ಯಾವ ಸಮಸ್ಯೆ ತಂದರೂ ಅವರು ಇಲ್ಲವೆನ್ನುತ್ತಿರಲಿಲ್ಲ. ತರಗತಿಯ ಕಿಟಕಿ ಮುಚ್ಚಿ ಕುಳಿತರೆ ತೂಕಡಿಕೆ ಬರುವುದೇಕೆ ಎಂಬುದನ್ನೂ ಅವರು ಬಿಡಲಿಲ್ಲ. ಜನರಿರುವ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 0.1 ಶೇಕಡಾ ಮೀರಬಾರದು ಎಂಬ ಅಳತೆಯನ್ನು 1858ರಲ್ಲಿ ಮುಂದಿಟ್ಟರು. ಕಟ್ಟಡಗಳ ಗಾಳಿಯ ಗುಣಮಟ್ಟದ ಚರ್ಚೆಯಲ್ಲಿ ಈ ಅಂಕಿ ಇಂದಿಗೂ ಬರುತ್ತದೆ.

ಚಿತ್ರಶಾಲೆಯಲ್ಲಿ ಬಿಳಿ ಮಂಜು

1860ರ ದಶಕದ ಆರಂಭದಲ್ಲಿ ಮ್ಯೂನಿಕ್‌ನ ಸರಕಾರಿ ಚಿತ್ರಶಾಲೆಗಳಲ್ಲಿ ಗದ್ದಲವೆದ್ದಿತು. ರಾಜರು ತಲೆಮಾರುಗಳಿಂದ ಕೂಡಿಸಿಟ್ಟ ತೈಲಚಿತ್ರಗಳ ಮೇಲೆ ಬಿಳಿಚಿದ ಮಂಕು ಹರಡುತ್ತಿತ್ತು. ಕೆಲವು ಚಿತ್ರಗಳಲ್ಲಿ ಏನಿದೆಯೆಂದೇ ಕಾಣದಾಗಿತ್ತು. ಇದು ಬೂಷ್ಟು ಎಂದು ಕೆಲವರು ಹೇಳಿದರು. ಚಿತ್ರ ನೋಡಿಕೊಳ್ಳುವವರ ಬೇಜವಾಬ್ದಾರಿ ಎಂದು ಇನ್ನು ಕೆಲವರು ದೂರಿದರು. ಇದನ್ನು ಪರಿಶೀಲಿಸಲು ನೇಮಿಸಿದ ಸಮಿತಿಯಲ್ಲಿ ಪೆಟೆನ್‌ಕೋಫರ್ ಅವರೂ ಇದ್ದರು.

ತೈಲಚಿತ್ರದಲ್ಲಿ ಮುಖ್ಯವಾಗಿ ಎರಡು ಪದರಗಳಿರುತ್ತವೆ. ಒಳಗಿನದು ಬಣ್ಣದ ಪದರ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಬಳಿದಿರುತ್ತಾರೆ. ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೊರಗಿನದು ವಾರ್ನಿಷ್, ಅಂದರೆ ಮರದ ರಾಳವನ್ನು ಕರಗಿಸಿ ಬಳಿದ ಪಾರದರ್ಶಕ ಪದರ. ಕಾರ್ಕಳದ ಕಡೆ ಹಳೆಯ ರಸ್ತೆಗಳ ಬದಿಯಲ್ಲಿ ಕಾಣುವ ಧೂಪದ ಮರವನ್ನು ನೀವು ನೋಡಿರಬಹುದು. ಅದರ ರಾಳದಿಂದಲೂ ವಾರ್ನಿಷ್ ಮಾಡುತ್ತಾರೆ. ಚಿತ್ರಗಳಿಗೆ ಬಳಸುವ ಡಾಮರ್ ಎಂಬ ರಾಳ ಬರುವುದು ಅದೇ ಕುಟುಂಬದ ಮರಗಳಿಂದ.

ಪೆಟೆನ್‌ಕೋಫರ್ ಸೂಕ್ಷ್ಮದರ್ಶಕವಿಟ್ಟು ನೋಡಿದರು. ಮಂಕಿಗೆ ಕಾರಣ ಬೂಷ್ಟಲ್ಲ ಎಂದು ತಿಳಿಯಿತು. ಗಾಳಿಯ ತೇವ ಏರಿ ಇಳಿದು, ವಾರ್ನಿಷ್ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಸಾವಿರಗಟ್ಟಲೆ ಬಿದ್ದಿದ್ದವು. ಬಿರುಕುಗಳಲ್ಲಿ ಗಾಳಿ ತುಂಬಿತ್ತು. ಗಾಜಿನ ತುಂಡು ಪಾರದರ್ಶಕ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬಿಳಿ. ಗಾಜು ಬದಲಾಗಿಲ್ಲ. ಗಾಜು ಮತ್ತು ಗಾಳಿಯ ವಕ್ರೀಭವನ ಸೂಚ್ಯಂಕಗಳು ಬೇರೆಯಾಗಿರುವುದರಿಂದ, ಪ್ರತಿ ಕಣದ ಅಂಚಿನಲ್ಲಿಯೂ ಬೆಳಕು ಚದುರುತ್ತದೆ, ಅಷ್ಟೇ. ಚಿತ್ರಗಳ ಮೇಲೂ ಆಗಿದ್ದು ಇದೇ. ಚಿತ್ರ ಹಾಳಾಗಿರಲಿಲ್ಲ. ಅದರ ಮುಂದಿನ ಕಿಟಕಿ ಮಾತ್ರ ಒಡೆದಿತ್ತು.

ಕಾರಣ ತಿಳಿದ ಮೇಲೆ ಪರಿಹಾರವೂ ಹೊಳೆಯಿತು. ಅದುವರೆಗೆ ಹಳೆಯ ವಾರ್ನಿಷನ್ನು ಉಜ್ಜಿ ತೆಗೆದು ಹೊಸದನ್ನು ಬಳಿಯುತ್ತಿದ್ದರು. ಉಜ್ಜುವಾಗ ಕೆಳಗಿನ ಬಣ್ಣವೂ ಎದ್ದುಬರುತ್ತಿತ್ತು. ಪೆಟೆನ್‌ಕೋಫರ್ ಚಿತ್ರವನ್ನು ಮುಟ್ಟಲೇ ಇಲ್ಲ. ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಒಳಭಾಗಕ್ಕೆ ಹಚ್ಚಿದ ಬಟ್ಟೆಯನ್ನು ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ ಮುಚ್ಚಿದರು. ಒಂದು ಹನಿಯೂ ಚಿತ್ರದ ಮೇಲೆ ಬೀಳಲಿಲ್ಲ. ಬೆಂಕಿಯ ಕಾವೂ ಬೇಕಾಗಲಿಲ್ಲ. ಕೋಣೆಯ ಉಷ್ಣತೆಯಲ್ಲಿಯೇ ಆಲ್ಕೋಹಾಲ್ ಆವಿಯಾಗಿ ಪೆಟ್ಟಿಗೆ ತುಂಬಿತು. ವಾರ್ನಿಷ್ ಆ ಆವಿಯನ್ನು ಹೀರಿಕೊಂಡು ಮೆತ್ತಗಾಯಿತು. ಬಿರುಕಿನ ಅಂಚುಗಳು ಮತ್ತೆ ಕೂಡಿಕೊಂಡವು, ನಡುವಿನ ಗಾಳಿ ಹೊರಬಿತ್ತು. ಪೆಟ್ಟಿಗೆ ತೆರೆದಾಗ ಮಂಜು ಸರಿದ ಬೆಟ್ಟದಂತೆ ಚಿತ್ರ ಸ್ಪಷ್ಟವಾಗಿ ಕಂಡಿತು.

1863ರಲ್ಲಿ ಅವರು ಈ ವಿಧಾನಕ್ಕೆ ಪೇಟೆಂಟ್ ಪಡೆದರು. 1870ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಯೂರೋಪಿನ ಚಿತ್ರಶಾಲೆಗಳು ಒಂದೊಂದಾಗಿ ಈ ಪೆಟ್ಟಿಗೆಯನ್ನು ಬಳಸತೊಡಗಿದವು. ಆಂಸ್ಟರ್‌ಡ್ಯಾಮ್‌ನಲ್ಲಿರುವ ರೆಂಬ್ರಾಂಟ್ ಅವರ ಪ್ರಸಿದ್ಧ ನೈಟ್ ವಾಚ್ ಚಿತ್ರದ ವಾರ್ನಿಷ್ ಕೂಡ ಆಲ್ಕೋಹಾಲ್ ಆವಿಯ ಚಿಕಿತ್ಸೆ ಕಂಡಿದೆ.

ಹಪ್ಪಳ ಮೆತ್ತಗಾಗುವುದೇಕೆ?

ಪೆಟ್ಟಿಗೆಯೊಳಗೆ ನಡೆದದ್ದೇನು ಎಂದು ತಿಳಿಯಲು ಜರ್ಮನಿಗೆ ಹೋಗಬೇಕಾಗಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹುರಿದ ಹಲಸಿನ ಹಪ್ಪಳವನ್ನು ಡಬ್ಬಿಯ ಹೊರಗಿಟ್ಟು ನೋಡಿದರೆ ಸಾಕು. ಸ್ವಲ್ಪ ಹೊತ್ತಿನಲ್ಲಿ ಅದರ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಯಾರೂ ಅದರ ಮೇಲೆ ನೀರು ಚೆಲ್ಲಿಲ್ಲ. ಹಪ್ಪಳದಲ್ಲಿರುವ ಪಿಷ್ಟ ಒಂದು ಪಾಲಿಮರ್, ಅಂದರೆ ಸಣ್ಣ ಘಟಕಗಳು ಸಾಲಾಗಿ ಜೋಡಿಸಿಕೊಂಡ ಉದ್ದನೆಯ ಅಣುಸರಪಳಿ. ಒಣಗಿದ ಹಪ್ಪಳದಲ್ಲಿ ಈ ಸರಪಳಿಗಳು ಅಲುಗಾಡದೆ ಬಿಗಿದುಕೊಂಡಿರುತ್ತವೆ. ಇದನ್ನು ಗಾಜಿನಂಥ ಸ್ಥಿತಿ ಎನ್ನುತ್ತಾರೆ. ಮುರಿದರೆ ಚಟ್ಟೆಂದು ಸದ್ದು ಬರುವುದು ಅದಕ್ಕೇ. ಗಾಳಿಯಲ್ಲಿರುವ ನೀರಿನ ಆವಿ ಒಳಹೊಕ್ಕಾಗ ನೀರಿನ ಸಣ್ಣ ಅಣುಗಳು ಸರಪಳಿಗಳ ನಡುವೆ ಸೇರಿಕೊಳ್ಳುತ್ತವೆ. ಬಿಗಿ ಸಡಿಲವಾಗಿ ಸರಪಳಿಗಳು ಜಾರತೊಡಗುತ್ತವೆ. ಮತ್ತೆ ಬಿಸಿ ತೋರಿಸಿದರೆ ನೀರು ಹೊರಟುಹೋಗಿ ಹಪ್ಪಳ ಪುನಃ ಗರಿಗರಿಯಾಗುತ್ತದೆ.

ಪ್ರತಿ ಪಾಲಿಮರ್‌ಗೂ ಒಂದು ಉಷ್ಣತೆ ಇದೆ. ಅದರ ಕೆಳಗೆ ಪಾಲಿಮರ್ ಗಾಜಿನಂತೆ ಗಟ್ಟಿ, ಮೇಲೆ ಮೆತ್ತಗೆ. ಪಾಲಿಸ್ಟೈರೀನ್‌ಗೆ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್. ಅದರ ಸರಪಳಿಗಳನ್ನು ಅಲುಗಾಡಿಸಲು ಎರಡು ದಾರಿಗಳಿವೆ. ಒಂದು, ಪದರವನ್ನು 100 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡುವುದು. ಇನ್ನೊಂದು, ಟಾಲ್ವೀನ್‌ನಂಥ ದ್ರಾವಕದ ಆವಿ ತೋರಿಸುವುದು. ಆವಿ ಒಳಹೊಕ್ಕಷ್ಟೂ ಆ ಗಡಿ ಕೆಳಗಿಳಿಯುತ್ತದೆ. ಸಾಕಷ್ಟು ಹೀರಿಕೊಂಡರೆ ನಾವು ಕುಳಿತಿರುವ ಕೋಣೆಯ ಉಷ್ಣತೆಯಲ್ಲಿಯೇ ಪದರ ಮೆತ್ತಗಾಗುತ್ತದೆ. ಎಷ್ಟು ಹೀರಿಕೊಳ್ಳುತ್ತದೆ ಎಂಬುದು ಸುತ್ತಲಿನ ಆವಿಯ ಒತ್ತಡವನ್ನೂ, ಆ ದ್ರಾವಕಕ್ಕೂ ಪಾಲಿಮರ್‌ಗೂ ಎಷ್ಟು ಹೊಂದಾಣಿಕೆ ಇದೆ ಎಂಬುದನ್ನೂ ಅವಲಂಬಿಸಿದೆ. ದ್ವಿತೀಯ ಪಿಯುಸಿಯ ದ್ರಾವಣಗಳ ಪಾಠದಲ್ಲಿ ಓದುವ ಆವಿ ಒತ್ತಡ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ನಮ್ಮ ಊರಿನ ಬಡಗಿಗಳು ಇದನ್ನು ಅನುಭವದಿಂದ ಬಲ್ಲರು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಮಳೆಗಾಲದಲ್ಲಿ ಬಳಿದರೆ ಕೆಲವೊಮ್ಮೆ ಬೆಳ್ಳಗಾಗಿಬಿಡುತ್ತದೆ. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕುಳಿತು ಪದರದೊಳಗೆ ಸಿಕ್ಕಿಬೀಳುತ್ತದೆ. ಆಗ ಅನುಭವಿ ಕೈ ಸ್ಪಿರಿಟ್ ತಾಗಿಸಿದ ಬಟ್ಟೆಯ ಉಂಡೆಯನ್ನು ಅದರ ಮೇಲೆ ಹಗುರವಾಗಿ ಓಡಿಸುತ್ತದೆ. ಪದರ ಕ್ಷಣಕಾಲ ಮೆತ್ತಗಾಗಿ ತೇವ ಹೊರಟು ಬಿಳುಪು ಮಾಯವಾಗುತ್ತದೆ. ಪೆಟೆನ್‌ಕೋಫರ್ ಪೆಟ್ಟಿಗೆಯ ಹಿಂದಿರುವ ತತ್ವವೂ ಇದೇ.

ನಗರವನ್ನು ತೊಳೆದ ರಸಾಯನ ವಿಜ್ಞಾನಿ

ಚಿತ್ರಗಳ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ ಪೆಟೆನ್‌ಕೋಫರ್ ಅವರ ಮನಸ್ಸನ್ನು ಆವರಿಸಿದ್ದ ಮತ್ತೊಂದು ಪ್ರಶ್ನೆ ಕಾಲರಾ. 1854ರಲ್ಲಿ ಮ್ಯೂನಿಕ್‌ನಲ್ಲಿ ಕಾಲರಾ ಹರಡಿದಾಗ ಅವರು ಸತ್ತವರ ಮನೆಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸಿದರು. ತಗ್ಗಿನಲ್ಲಿರುವ, ಹೊಲಸು ಇಂಗಿದ ತೇವದ ನೆಲದಲ್ಲಿ ರೋಗ ಹೆಚ್ಚು ಎಂದು ಅವರಿಗೆ ಕಂಡಿತು. ರೋಗದ ಬೀಜ ಒಂದೇ ಸಾಲದು, ಅದು ನೆಲದಲ್ಲಿ ಕಳಿತು ವಿಷವಾಗಬೇಕು, ಆಗ ಮಾತ್ರ ಕಾಲರಾ ಹಬ್ಬುತ್ತದೆ ಎಂದು ಅವರು ನಂಬಿದರು.

ನಂಬಿದ್ದನ್ನು ಕಾರ್ಯರೂಪಕ್ಕೆ ತರಲು ಹಟ ತೊಟ್ಟು ದುಡಿದರು. 1865ರಲ್ಲಿ ಮ್ಯೂನಿಕ್‌ನಲ್ಲಿ ಆರೋಗ್ಯಶಾಸ್ತ್ರಕ್ಕೆಂದೇ ಪ್ರಾಧ್ಯಾಪಕ ಪೀಠ ಆರಂಭವಾಯಿತು. ಅದಕ್ಕೆ ಅವರೇ ಪ್ರಾಧ್ಯಾಪಕರು. 1879ರಲ್ಲಿ ಆರೋಗ್ಯಶಾಸ್ತ್ರದ ಸಂಸ್ಥೆಯೂ ತೆರೆಯಿತು. ನಗರಕ್ಕೆ ಒಳಚರಂಡಿ ಬೇಕು, ದೂರದ ಬೆಟ್ಟದ ತಪ್ಪಲಿನಿಂದ ಶುದ್ಧ ನೀರು ತರಬೇಕು ಎಂದು ಅವರು ನಗರಾಡಳಿತದ ಬೆನ್ನುಹತ್ತಿದರು. 1883ರಲ್ಲಿ ಮಾಂಗ್‌ಫಾಲ್ ಕಣಿವೆಯ ನೀರು ಮ್ಯೂನಿಕ್‌ಗೆ ಹರಿದು ಬಂತು. ಟೈಫಾಯ್ಡ್‌ಗೆ ಹೆಸರುವಾಸಿಯಾಗಿದ್ದ ನಗರ ಯೂರೋಪಿನ ಆರೋಗ್ಯವಂತ ನಗರಗಳ ಸಾಲಿಗೆ ಸೇರಿತು. ಅದೇ ವರ್ಷ ರಾಜರು ಅವರಿಗೆ ಕುಲೀನ ಪದವಿ ನೀಡಿದರು. ಹೆಸರಿನ ನಡುವಿನ ಫಾನ್ ಬಂದಿದ್ದು ಹಾಗೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಸ್ಥಾಪಿಸಿದ ಕೆಎಂಸಿಯಂಥ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ಇಂದು ಇರುವ ಸಮುದಾಯ ಆರೋಗ್ಯ ವಿಭಾಗಗಳ ಬೇರು ಹುಡುಕುತ್ತ ಹೋದರೆ ಮ್ಯೂನಿಕ್‌ನ ಈ ಪೀಠ ಸಿಗುತ್ತದೆ.

ಫಲ ಸರಿಯಾಗಿತ್ತು, ಕಾರಣ ಮಾತ್ರ ತಪ್ಪಾಗಿತ್ತು. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ನಮ್ಮ ದೇಶದ ಕೆರೆಯ ನೀರಿನಲ್ಲಿಯೇ ಅದು ಸಿಕ್ಕಿತು. ರೋಗ ಹರಡುವುದು ಕುಡಿಯುವ ನೀರಿನಿಂದ, ನೆಲದಲ್ಲಿ ಕಳಿಯಬೇಕಾಗಿಲ್ಲ ಎಂಬುದು ಕಾಕ್ ಅವರ ವಾದ. ಪೆಟೆನ್‌ಕೋಫರ್ ಒಪ್ಪಲಿಲ್ಲ. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಸಿಡಿಯಿತು. ಆ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಸುಮಾರು 8,600 ಜನ ಸತ್ತರು. ಪಕ್ಕದಲ್ಲೇ ಇದ್ದ ಆಲ್ಟೊನಾ ಪಟ್ಟಣ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ಸಾವು ಬಹಳ ಕಡಿಮೆ. ಬೀದಿಯ ಈ ಬದಿಗೆ ರೋಗ, ಆ ಬದಿಗೆ ಇಲ್ಲ. ನೆಲ ಒಂದೇ, ನೀರು ಬೇರೆ.

ಇಷ್ಟಾದರೂ 73 ವರ್ಷದ ಪೆಟೆನ್‌ಕೋಫರ್ ಪಟ್ಟು ಬಿಡಲಿಲ್ಲ. 1892ರ ಅಕ್ಟೋಬರ್ 7ರಂದು ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸಾಕ್ಷಿಗಳ ಮುಂದೆ ಕುಡಿದರು. ಹೊಟ್ಟೆಯ ಆಮ್ಲ ರೋಗಾಣುವನ್ನು ಕೊಂದಿತೆಂದು ಯಾರೂ ಹೇಳಬಾರದೆಂದು ಸೋಡಾ ಬೆರೆಸಿಕೊಂಡೇ ಕುಡಿದರು. ಸ್ವಲ್ಪ ಭೇದಿಯಾಯಿತು, ಸಾಯಲಿಲ್ಲ. ತನ್ನ ಮಾತೇ ಗೆದ್ದಿತೆಂದು ಅವರಿಗನ್ನಿಸಿತು. ಆದರೆ ಒಬ್ಬ ಮನುಷ್ಯ ಬದುಕಿ ಉಳಿದದ್ದು ಹ್ಯಾಂಬರ್ಗ್‌ನ ಸಾವಿರಾರು ಸಾವುಗಳಿಗೆ ಉತ್ತರವಾಗುವುದಿಲ್ಲ. ಕೆಲವೇ ದಿನಗಳ ಬಳಿಕ ಅವರ ಶಿಷ್ಯ ಎಮ್ಮೆರಿಕ್ ಅದೇ ಪ್ರಯೋಗ ಮಾಡಿದಾಗ ಹೆಚ್ಚು ಕಾಯಿಲೆ ಬಿದ್ದರು. ಜಗತ್ತು ಕಾಕ್ ಅವರ ಕಡೆ ನಿಂತಿತು.

ಕೊನೆಯ ವರ್ಷಗಳು ಭಾರವಾಗಿದ್ದವು. ಬವೇರಿಯಾದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಪದವಿ ಇತ್ತು, ಗೌರವಗಳಿದ್ದವು. ಆದರೆ ಪತ್ನಿಯೂ ಮಕ್ಕಳಲ್ಲಿ ಕೆಲವರೂ ಮೊದಲೇ ತೀರಿಕೊಂಡಿದ್ದರು. ಅನಾರೋಗ್ಯ ಮತ್ತು ಖಿನ್ನತೆಯಿಂದ ನೊಂದ ಅವರು, ನಮ್ಮ ಕಾಪುವಿನ ದೀಪಸ್ತಂಭ ನಿರ್ಮಾಣವಾದ 1901ರಲ್ಲಿ, ಫೆಬ್ರವರಿ 10ರಂದು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 82 ವರ್ಷ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಎಂದು ಇಂದು ನಮಗೆ ತಿಳಿದಿದೆ. ನಗರಕ್ಕೆಲ್ಲ ಆರೋಗ್ಯ ಕೊಟ್ಟ ಆ ಮನುಷ್ಯನಿಗೆ ಆ ಕಾಲದಲ್ಲಿ ಅಂಥ ನೆರವು ಇರಲಿಲ್ಲ.

ಪೆಟ್ಟಿಗೆಯ ಇನ್ನೊಂದು ಮುಖ

ಚಿತ್ರಗಳ ಕಥೆ ಅವರ ಸಾವಿನೊಂದಿಗೆ ಮುಗಿಯಲಿಲ್ಲ. ಆವಿ ತೋರಿಸಿದ ವಾರ್ನಿಷ್ ಕಾಲ ಕಳೆದಂತೆ ಮತ್ತೆ ಮಂಕಾಗುತ್ತಿತ್ತು. ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದರು. ಪದರ ಇನ್ನಷ್ಟು ಮೆತ್ತಗಾಗಲೆಂದು ಕೊಪೈಬಾ ಎಂಬ ಮರದ ಎಣ್ಣೆರಾಳವನ್ನೂ ಸವರುತ್ತಿದ್ದರು. 20ನೇ ಶತಮಾನದ ಕೊನೆಯ ಭಾಗದಲ್ಲಿ ಮ್ಯೂನಿಕ್‌ನಲ್ಲಿಯೇ ಚಿತ್ರ ಸಂರಕ್ಷಣಾ ತಜ್ಞರು ಈ ಹಳೆಯ ಚಿತ್ರಗಳನ್ನು ಮತ್ತೆ ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಂತು.

ಆವಿ ವಾರ್ನಿಷ್‌ನಲ್ಲಿಯೇ ನಿಂತಿರಲಿಲ್ಲ. ಕೆಳಗಿನ ಬಣ್ಣದ ಪದರಕ್ಕೂ ಇಳಿದಿತ್ತು. ಒಣಗಿದ ಅಗಸೆ ಎಣ್ಣೆ ಬಲೆಯಂತೆ ಹೆಣೆದುಕೊಂಡ ಪಾಲಿಮರ್ ಆದ್ದರಿಂದ ಆಲ್ಕೋಹಾಲ್‌ನಲ್ಲಿ ಕರಗಿಹೋಗುವುದಿಲ್ಲ. ಆದರೆ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಮೆತ್ತಗಾದ ಬಣ್ಣ ಕೆಲವೆಡೆ ಜರುಗಿತ್ತು. ಬಣ್ಣಕ್ಕೂ ವಾರ್ನಿಷ್‌ಗೂ ನಡುವಿನ ಗಡಿ ಅಳಿಸಿ, ಒಂದರೊಳಗೆ ಒಂದು ಬೆರೆತಿತ್ತು. ಹಳೆಯ ಬಿರುಕುಗಳು ಮುಚ್ಚಿ ಹೊಸ ಬಗೆಯ ಬಿರುಕುಗಳು ತೆರೆದಿದ್ದವು. ಕೊಪೈಬಾ ಒಳಗೇ ಉಳಿದುಕೊಂಡು, ಮುಂದೆ ಯಾರಾದರೂ ಆ ಚಿತ್ರವನ್ನು ಸ್ವಚ್ಛಗೊಳಿಸಲು ಹೋದರೆ ಬಣ್ಣವೇ ಕರಗುವಂತೆ ಮಾಡಿತ್ತು. ಪೆಟ್ಟಿಗೆ ತೆರೆದ ಗಳಿಗೆಯಲ್ಲಿ ಕಣ್ಣಿಗೆ ಕಂಡಿದ್ದು ಹೊಳಪು ಮಾತ್ರ. ಒಳಗೆ ಆದ ಬದಲಾವಣೆ ಕಾಣಲು ನೂರು ವರ್ಷ ಬೇಕಾಯಿತು.

ಕಾಲರಾದ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ಹೋಲಿಕೆ ಕಾಣುತ್ತದೆ. ಎರಡರಲ್ಲಿಯೂ ಅವರ ಕೆಲಸ ಫಲ ಕೊಟ್ಟಿತು. ಎರಡರಲ್ಲಿಯೂ ಫಲ ಸಿಕ್ಕಿದ್ದನ್ನೇ ವಿವರಣೆ ಪೂರ್ಣವಾಯಿತು ಎಂಬುದಕ್ಕೆ ಸಾಕ್ಷಿಯೆಂದು ಭಾವಿಸಲಾಯಿತು. ಮಂಕಿಗೆ ಕಾರಣ ಬೂಷ್ಟಲ್ಲ, ಬಿರುಕು ಎಂದು ಅವರು ಕಂಡುಕೊಂಡದ್ದು ನೂರಕ್ಕೆ ನೂರು ನಿಜ. ಆದರೆ ಆವಿ ಎಲ್ಲಿಯವರೆಗೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಪೆಟ್ಟಿಗೆ ಊರೂರು ತಲುಪಿತ್ತು. ಹಾಗೆಂದು ಅವರನ್ನು ಹಗುರವಾಗಿ ಕಾಣುವಂತಿಲ್ಲ. ಪಾಲಿಮರ್ ಎಂದರೆ ಉದ್ದನೆಯ ಅಣುಸರಪಳಿ ಎಂದು ಹರ್ಮನ್ ಸ್ಟೌಡಿಂಗರ್ ಮುಂದಿಟ್ಟದ್ದು 1920ರಲ್ಲಿ. ಬಣ್ಣದ ಪದರ ಎಂಥದ್ದು ಎಂದು ತಿಳಿಯಲು ಬೇಕಾದ ಜ್ಞಾನವೇ ಆಗ ಹುಟ್ಟಿರಲಿಲ್ಲ.

ಇಂದಿನ ಪ್ರಯೋಗಾಲಯದಲ್ಲಿ

ಇಂದು ಇದೇ ಆವಿಯನ್ನು ಬೇಕೆಂದೇ, ಅಳೆದು ಬಳಸುತ್ತಾರೆ. ಪಾಲಿಮರ್ ದ್ರಾವಣದ ಹನಿಯನ್ನು ನುಣುಪಾದ ಸಿಲಿಕಾನ್ ಬಿಲ್ಲೆಯ ಮೇಲಿಟ್ಟು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸಿದರೆ, ದ್ರಾವಕ ಕೆಲವೇ ಕ್ಷಣಗಳಲ್ಲಿ ಆರಿ ತೆಳುಪದರ ಉಳಿಯುತ್ತದೆ. ಅದರ ದಪ್ಪ 100 ನ್ಯಾನೋಮೀಟರ್ ಇದ್ದರೆ, ನಮ್ಮ ತಲೆಗೂದಲಿಗಿಂತ ಅದು ನೂರಾರು ಪಟ್ಟು ತೆಳು. ಇಷ್ಟು ಅವಸರದಲ್ಲಿ ಒಣಗಿದಾಗ ಸರಪಳಿಗಳು ತಮ್ಮ ತಮ್ಮ ಜಾಗ ಸೇರುವ ಮೊದಲೇ ಹೆಪ್ಪುಗಟ್ಟಿಬಿಡುತ್ತವೆ. ಗಂಟೆ ಬಾರಿಸಿದಾಗ ಕುರ್ಚಿ ಸಿಗದೆ ಅಲ್ಲಲ್ಲೇ ನಿಂತ ವಿದ್ಯಾರ್ಥಿಗಳಂತೆ.

ಆಗ ದ್ರಾವಕದ ಆವಿ ಬೇಕಾಗುತ್ತದೆ. ಆವಿ ಹೀರಿ ಪದರ ಉಬ್ಬುತ್ತದೆ, ಸರಪಳಿಗಳಿಗೆ ಓಡಾಡಲು ಅವಕಾಶ ಸಿಗುತ್ತದೆ. ದಪ್ಪ ಬದಲಾದಂತೆ ಪದರದ ಬಣ್ಣವೂ ಬದಲಾಗುತ್ತದೆ. ಮಳೆಗೆ ಒದ್ದೆಯಾದ ರಸ್ತೆಯಲ್ಲಿ ಹರಡಿದ ಎಣ್ಣೆಯಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣಗಳಿಗೆ ಕಾರಣವಾದ ವ್ಯತಿಕರಣವೇ ಇಲ್ಲಿಯೂ ನಡೆಯುವುದು. ಒಂದಕ್ಕೊಂದು ಹೊಂದದ ಎರಡು ಬಗೆಯ ಸರಪಳಿಗಳನ್ನು ಬಾಲಕ್ಕೆ ಬಾಲ ಕಟ್ಟಿದಂಥ ಪಾಲಿಮರ್‌ಗಳಿವೆ. ಅವು ಎಣ್ಣೆ ನೀರಿನಂತೆ ಬೇರಾಗಲು ನೋಡುತ್ತವೆ, ಆದರೆ ಕಟ್ಟಿರುವುದರಿಂದ ದೂರ ಹೋಗಲಾರವು. ಆವಿಯ ನೆರವಿನಿಂದ ಅವು ಕೆಲವು ಹತ್ತು ನ್ಯಾನೋಮೀಟರ್ ಅಳತೆಯ ಪಟ್ಟೆ, ಕೊಳವೆ, ಗುಂಡುಗಳ ಸಾಲಾಗಿ ತಾವೇ ಜೋಡಿಸಿಕೊಳ್ಳುತ್ತವೆ. ಎಲೆಕ್ಟ್ರಾನಿಕ್ ಸಾಧನಗಳಿಗೆ ಬೇಕಾದ ಸೂಕ್ಷ್ಮ ವಿನ್ಯಾಸಗಳಿಗೆ ಇದು ಒಂದು ದಾರಿ. ಪಾಲಿಮರ್‌ನಿಂದ ಮಾಡುವ ಸೌರಕೋಶಗಳಲ್ಲಿಯೂ ಸರಪಳಿಗಳನ್ನು ಒಪ್ಪವಾಗಿ ಜೋಡಿಸಲು ಆವಿ ಬಳಸುತ್ತಾರೆ.

ಅತಿಯಾದರೆ ಇಲ್ಲಿಯೂ ತೊಂದರೆ. ಹೆಚ್ಚು ಹೊತ್ತು ಆವಿ ತೋರಿಸಿದರೆ ಪದರದಲ್ಲಿ ತೂತುಗಳು ಬಿದ್ದು, ಕೊನೆಗೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಅದು ಹನಿಹನಿಯಾಗಿ ಒಡೆದುಹೋಗುತ್ತದೆ. ಆವಿಯನ್ನು ಎಷ್ಟು ನಿಧಾನ ತೆಗೆಯುತ್ತೇವೆ ಎಂಬುದೂ ಮುಖ್ಯ. ತಟ್ಟನೆ ತೆಗೆದರೆ ಉಬ್ಬಿದ ಸ್ಥಿತಿಯ ರಚನೆಯೇ ಹೆಪ್ಪುಗಟ್ಟುತ್ತದೆ, ನಿಧಾನವಾಗಿ ತೆಗೆದರೆ ಬೇರೊಂದು ರಚನೆ ಬರಬಹುದು. ಆದ್ದರಿಂದ ಇಂದಿನ ಸಂಶೋಧಕರು ಆವಿ ತೋರಿಸುವಾಗಲೇ ಪದರದ ದಪ್ಪ ಅಳೆಯುತ್ತಾರೆ. ಕ್ಷ-ಕಿರಣ ಹಾಯಿಸಿ ಒಳಗೆ ಏನು ನಡೆಯುತ್ತಿದೆ ಎಂದು ನೋಡುತ್ತಾರೆ. ಪೆಟೆನ್‌ಕೋಫರ್ ಪೆಟ್ಟಿಗೆಗೆ ಇಲ್ಲದಿದ್ದದ್ದು ಈ ಒಳಗಣ್ಣು.

ನಿಮ್ಮಲ್ಲಿ ಕೆಲವರು ತ್ರಿಡಿ ಪ್ರಿಂಟರ್ ನೋಡಿರಬಹುದು. ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡಿದ ಆಕೃತಿಯ ಮೇಲಿನ ಗೆರೆಗೆರೆಯನ್ನು ಅಸಿಟೋನ್ ಆವಿ ತೋರಿಸಿ ನುಣುಪು ಮಾಡುತ್ತಾರೆ. ತತ್ವ ಒಂದೇ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಇದಕ್ಕೆ ಕೈಹಾಕಬಾರದು. ಉಪನ್ಯಾಸಕರ ಮುಂದೆ, ಆವಿ ಹೊರಹಾಕುವ ವ್ಯವಸ್ಥೆ ಇರುವ ಪ್ರಯೋಗಾಲಯದಲ್ಲಿ ಮಾತ್ರ ಮಾಡಬೇಕು.

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ ಕಲಾವಿದ ಆಂಟೋನಿಯೋ ಮೊಸ್ಕೆನಿ ಸುಮಾರು 125 ವರ್ಷಗಳ ಹಿಂದೆ ಬಿಡಿಸಿದ ಚಿತ್ರಗಳನ್ನು ನೀವು ಪ್ರವಾಸದಲ್ಲಿ ನೋಡಿರಬಹುದು. ಕಡಲ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯ ನಡುವೆ ಅಂಥ ಚಿತ್ರಗಳನ್ನು ಕಾಪಾಡುವುದು ಸುಲಭವಲ್ಲ. ಸಂರಕ್ಷಣಾ ತಜ್ಞರು ಇಂದು ಯಾವುದೇ ದ್ರಾವಕವನ್ನು ಮೊದಲು ಮೂಲೆಯ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷಿಸುತ್ತಾರೆ. ಮುಂದೆ ಬೇಕಾದರೆ ಹಿಂದೆ ತೆಗೆಯಬಹುದಾದ ಚಿಕಿತ್ಸೆಯನ್ನೇ ಆರಿಸಲು ನೋಡುತ್ತಾರೆ. ಈ ಎಚ್ಚರ ಬಂದಿದ್ದರಲ್ಲಿ ಪೆಟೆನ್‌ಕೋಫರ್ ಪೆಟ್ಟಿಗೆಯ ಅನುಭವಕ್ಕೂ ಪಾಲಿದೆ.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಾಲಯದಲ್ಲಿ ನಮ್ಮ ಉತ್ತರ ಸರಿಬಂದಾಗ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ಸರಿಬಂದ ಉತ್ತರದ ಕೆಳಗೆ ಇನ್ನೊಂದು ಪದರವಿದೆಯೇ ಎಂದು ಕೇಳುವ ಅಭ್ಯಾಸ ನಮಗಿರಲಿ. ಕೈಗೆ ಸಿಕ್ಕ ಯಾವ ಕೆಲಸವನ್ನೂ ಕೀಳೆನ್ನದೆ ಅದರೊಳಗಿನ ವಿಜ್ಞಾನ ಹುಡುಕಿದ ಪೆಟೆನ್‌ಕೋಫರ್ ಅವರ ಉತ್ಸಾಹ ನಮಗೆ ಮಾದರಿಯಾಗಲಿ. ಎದುರಿಗಿರುವ ಪುರಾವೆಗೆ ತಲೆಬಾಗಲು ಅವರಿಗೆ ಸಾಧ್ಯವಾಗದೆ ಹೋದದ್ದೂ ನಮಗೆ ನೆನಪಿರಲಿ.